ಆಷಾಢದಲ್ಲಿ ಟೈಲರಿಂಗ್ ಅಂಗಡಿ ಖಾಲಿ ಬಿಡ್ಬೇಡಿ

ಆಷಾಢ ಬಂತು ಅಂದ್ರೆ ಮದ್ವೆ ಬ್ಲೌಸ್ ಆರ್ಡರ್ ನಿಂತೇ ಹೋಗುತ್ತೆ, ಆದ್ರೆ ಶ್ರಾವಣದಲ್ಲಿ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಗೌರಿ ಹಬ್ಬ, ಆಗ ಊಟಕ್ಕೂ ಟೈಮ್ ಸಿಗಲ್ಲ ಅಲ್ವಾ. ಅದಕ್ಕೇ ಈಗ್ಲೇ ಬಟ್ಟೆ ಅಂಚು ಬಿಚ್ಚದ ಹಾಗೆ ಹೊಲಿಯೋ ಓವರ್‌ಲಾಕ್ ಮಷೀನ್ ಸರ್ವೀಸ್ ಮಾಡಿಸ್ಬಿಡಿ, ಹೊಲಿಗೆ ಮಷೀನಲ್ಲಿ ಕೆಳಗಿನ ದಾರ ಕೂರೋ ಬಾಬಿನ್ ಕೇಸ್ ಒಳಗಿನ ದೂಳು ಬ್ರಷ್‌ನಲ್ಲಿ ತೆಗೆದು ಎಣ್ಣೆ ಬಿಡಿ, ಹಬ್ಬದ ಹಿಂದಿನ ದಿನ ಮಷೀನ್ ಕೈಕೊಟ್ರೆ ಎಷ್ಟು ಕಷ್ಟ ಅಂತ ನಂಗೆ ಚೆನ್ನಾಗ್ ಗೊತ್ತು. ಲೈನಿಂಗ್ ಬಟ್ಟೆ, ಹುಕ್ಸು, ಫಾಲ್ಸು ತಂದಿಟ್ಕೊಳ್ಳಿ.

ಮುಖ್ಯವಾದ್ದು ಇನ್ನೊಂದು, ಅಳತೆ ಪುಸ್ತಕ ತೆಗೆದು ಹಳೇ ಕಸ್ಟಮರ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, "ಅಕ್ಕಾ, ಹಬ್ಬದ ಬ್ಲೌಸ್ ಈಗ್ಲೇ ಕೊಟ್ರೆ ಆರಾಮಾಗಿ ನೀಟಾಗಿ ಹೊಲಿದು ಕೊಡ್ತೀನಿ" ಅಂತ ಹೇಳಿ, ತುಂಬಾ ಜನ ಕೊಡ್ತಾರೆ. ಹೊಲಿದಿಟ್ಟು ಯಾರೂ ತಗೊಂಡು ಹೋಗದೇ ಇರೋ ಬಟ್ಟೆ, ಬಾಕಿ ದುಡ್ಡು ಎರಡೂ ಅದೇ ಫೋನಲ್ಲಿ ಕ್ಲಿಯರ್ ಆಗುತ್ತೆ. ಮಧ್ಯಾಹ್ನ ಬಿಡುವಿದ್ರೆ ಹೊಸ ಸೀರೆ ಕುಚ್ಚು ಡಿಸೈನ್ 2–3 ಹಾಕಿ ಸ್ಯಾಂಪಲ್ ನೇತುಹಾಕಿ, ನೋಡಿದೋರು ಕೇಳ್ದೆ ಇರಲ್ಲ.