ಫೋಟೋ ತೋರಿಸಿ ಸುಮ್ನಿರೋದು

ರಸ್ತೆಯಲ್ಲಿ ತೆಗೆದ ಫೋಟೋ ತೋರಿಸುವಾಗ ಮೊದಲೆಲ್ಲ ಜೊತೆಗೆ ಕಥೆಯನ್ನೂ ಹೇಳುತ್ತಿದ್ದೆ. ಎಷ್ಟು ಹೊತ್ತು ಕಾದೆ, ಹೇಗೆ ಕೂದಲೆಳೆಯಲ್ಲಿ ಸಿಕ್ಕಿತು ಅಂತೆಲ್ಲ. ಎಲ್ಲರೂ "ಸೂಪರ್" ಅನ್ನುತ್ತಿದ್ದರು. ಅವರು ಮೆಚ್ಚುತ್ತಿದ್ದದ್ದು ಕಥೆಯನ್ನು ಅಂತ ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಬೆಂಚಿನ ಮೇಲೆ ಅಜ್ಜ ತೂಕಡಿಸುತ್ತಿದ್ದಾರೆ, ಪಕ್ಕದಲ್ಲಿ ಮಗುವೂ ಹಾಗೇ ತಲೆ ವಾಲಿಸಿದೆ. ಇದಕ್ಕಾಗಿ 40 ನಿಮಿಷ ನಿಂತಿದ್ದೆ. ಗೆಳತಿಯೊಬ್ಬಳು "ನೀನು ಬಾಯಿ ಬಿಡಬೇಡ" ಅಂತ ಹೇಳಿ ಪ್ರಿಂಟನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ನೋಡಿ, "ಈ ಬಿಳಿ ಚೀಲ ಯಾರದ್ದು?" ಅಂತ ಕೇಳಿದಳು. ಯಾವ ಚೀಲ? ಎಡ ಮೂಲೆಯಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದ ಪ್ಲಾಸ್ಟಿಕ್ ಚೀಲ. ಆ ಫೋಟೋವನ್ನು ನಾನು ನೂರು ಸಲ ನೋಡಿರಬೇಕು, ಚೀಲ ಕಂಡೇ ಇರಲಿಲ್ಲ. ಅವಳಿಗೆ ಮೊದಲು ಕಂಡದ್ದೇ ಅದು. ಮಗು ಕಂಡದ್ದು ನಾನು ಬೆರಳಿಟ್ಟು ತೋರಿಸಿದ ಮೇಲೆ.

ಸಿಟ್ಟು ಬಂತು, ವಾದವನ್ನೂ ಮಾಡಿದೆ. ಆದರೆ ಅಂದಿನಿಂದ ಕಥೆ ಹೇಳುವುದನ್ನು ಬಿಟ್ಟೆ. ಈಗ "ಹೇಗಿದೆ?" ಅಂತಲೂ ಕೇಳುವುದಿಲ್ಲ. "ಮೊದಲು ಕಣ್ಣು ಎಲ್ಲಿಗೆ ಹೋಯ್ತು? ಆಮೇಲೆ?" ಇಷ್ಟೇ. ಫೋಟೋಗ್ರಫಿ ಗೊತ್ತಿಲ್ಲದವರೂ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತಾರೆ, ಕೆಲವೊಮ್ಮೆ ಗೊತ್ತಿರುವವರಿಗಿಂತ ಚೆನ್ನಾಗಿ.

ರಸ್ತೆಯ ಫೋಟೋಗಳಿಗೇ ಹೆಸರಾದ ಅಮೆರಿಕದ ಫೋಟೋಗ್ರಾಫರ್ ಗ್ಯಾರಿ ವಿನೋಗ್ರಾಂಡ್ ತಾವು ತೆಗೆದ ಫಿಲ್ಮನ್ನು ಒಂದೆರಡು ವರ್ಷ ಡೆವಲಪ್ ಮಾಡದೆ ಹಾಗೇ ಇಡುತ್ತಿದ್ದರಂತೆ. ತೆಗೆದ ಹೊತ್ತಿನ ಖುಷಿ ಆರಿದ ಮೇಲೆ ನೋಡಬೇಕು ಅಂತ. 1984ರಲ್ಲಿ ಅವರು ತೀರಿಕೊಂಡಾಗ ಡೆವಲಪ್ ಆಗದ ರೋಲ್‌ಗಳೇ ಸುಮಾರು 2,500 ಉಳಿದಿದ್ದವು. ನನಗೆ ಅಷ್ಟು ತಾಳ್ಮೆ ಇಲ್ಲ, ಮೂರು ವಾರ ತಡೆದರೆ ಜಾಸ್ತಿ.

ಇನ್ನು ಬೇರೆಯವರ ಫೋಟೋ ನೋಡಿ ನಾನು ಹೇಳುತ್ತಿದ್ದದ್ದೂ ಅಷ್ಟಕ್ಕಷ್ಟೇ. "ಈ ಕಂಬ ಇರಬಾರದಿತ್ತು" ಅನ್ನುತ್ತಿದ್ದೆ. ಪಾಪ, ಅವರೇನು ಕಂಬ ಕೀಳ್ತಾರಾ? ಸ್ಟುಡಿಯೋದಲ್ಲಾದರೆ ಇನ್ನೊಮ್ಮೆ ತೆಗೆಯಬಹುದು, ರಸ್ತೆಯಲ್ಲಿ ಆ ಗಳಿಗೆ ಹೋಯಿತು ಅಂದರೆ ಹೋಯಿತು. ಹಾಗಾಗಿ ಈಗ ಮುಂದಿನ ಸಲಕ್ಕೆ ಆಗಿಬರುವಂಥದ್ದನ್ನು ಹುಡುಕುತ್ತೇನೆ. ಅರ್ಧ ಹೆಜ್ಜೆ ಎಡಕ್ಕೆ ಸರಿದಿದ್ದರೆ ಕಂಬ ತಲೆಯಿಂದ ದೂರ ಹೋಗುತ್ತಿತ್ತು. ನಡೆಯುವವರ ಕಾಲು ಮಸುಕಾಗಿದ್ದರೆ ಶಟರ್ ವೇಗ ಸೆಕೆಂಡಿನ 1/60ರಲ್ಲಿತ್ತಾ ಅಂತ ಕೇಳಿ, 1/250ಕ್ಕೆ ಏರಿಸಲು ಹೇಳುತ್ತೇನೆ. ಆಗುವುದಾದರೆ ಹಿಂದಿನ, ಮುಂದಿನ ಫ್ರೇಮುಗಳನ್ನೂ ತರಿಸಿಕೊಳ್ಳುತ್ತೇನೆ. ಎಷ್ಟೋ ಸಲ ಒಳ್ಳೆಯದು ಅಲ್ಲೇ ಬಿದ್ದಿರುತ್ತೆ.

ಒಮ್ಮೆ ಹುಡುಗನೊಬ್ಬ ಮಳೆಯಲ್ಲಿ ಜಾರಿ ಬಿದ್ದ ಹೆಂಗಸಿನ ಫೋಟೋ ತಂದಿದ್ದ. ಚೆಲ್ಲಿದ ತರಕಾರಿ, ಮಗುಚಿದ ಕೊಡೆ, ಎಲ್ಲ ಇರಬೇಕಾದ ಜಾಗದಲ್ಲೇ ಇತ್ತು. ನಾನು ಬೆಳಕು, ಕೋನ ಅಂತ ಹತ್ತು ನಿಮಿಷ ಮಾತಾಡಿದೆ. ಜೊತೆಗಿದ್ದ ಹಿರಿಯರೊಬ್ಬರು ಕೊನೆಗೆ "ಆಮೇಲೆ ಅವರನ್ನು ಎಬ್ಬಿಸಿದೆಯಾ?" ಅಂತ ಕೇಳಿದರು. ಅವನು ಫೋಟೋ ನೋಡುತ್ತಾ ಕೂತ. ನಾನೂ.