ಕಿಟಕಿ ಮುಚ್ಚಿಕೊಂಡು ಹಾರುವುದು: ಡೊಂಬಿವಲಿಯ ಮೇಜಿನ ಮೇಲೆ ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್

ಸಿಮ್ಯುಲೇಟರ್ ಹಾಕಿಸಿಕೊಂಡವರು ಮೊದಲು ಮಾಡುವ ಕೆಲಸ ಮರೀನ್ ಡ್ರೈವ್ ಮೇಲೆ ಒಂದು ಸುತ್ತು ಹೊಡೆದು, ಆಮೇಲೆ ತಮ್ಮ ಬಿಲ್ಡಿಂಗ್ ಎಲ್ಲಿದೆ ಅಂತ ಹುಡುಕುವುದು. ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್, ಅಂದರೆ ಹೊರಗೆ ನೋಡದೆ ಮುಳ್ಳುಗಳನ್ನಷ್ಟೇ ನಂಬಿ ಹಾರುವುದನ್ನು, ಕಲಿಯಬೇಕಾದರೆ ಆ ನೋಟವನ್ನೇ ಮೊದಲು ತೆಗೆದುಹಾಕಬೇಕು. ನಾನು ಹವಾಮಾನವನ್ನು ಹೀಗೆ ಇಟ್ಟುಕೊಂಡಿದ್ದೇನೆ: ಮೋಡದ ತಳ ನೆಲದಿಂದ 300 ಅಡಿ, ಮೇಲಿನ ಅಂಚು 8,000 ಅಡಿ, ವಿಸಿಬಿಲಿಟಿ 1,000 ಮೀಟರ್, ಗಾಳಿ 270 ಡಿಗ್ರಿಯಿಂದ, ಅಂದರೆ ಪಡುವಣದಿಂದ, 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ). ಜುಲೈ ತಿಂಗಳ ಮುಂಬೈ ಅಂದುಕೊಳ್ಳಿ. ಗಾಜಿನಾಚೆ ಬರೀ ಬೂದಿ ಬಣ್ಣ. ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ದುಡ್ಡೂ ಇದರಿಂದ ಉಳಿಯುತ್ತದೆ. ಸೆಕೆಂಡಿಗೆ 30 ಫ್ರೇಮ್ ಬಂದು, ಮುಳ್ಳುಗಳು ತೊದಲದೆ ತಿರುಗಿದರೆ ಸಾಕು.

ದುಡ್ಡು ಹಾಕುವುದಿದ್ದರೆ ಯೋಕ್ (ವಿಮಾನದ ಸ್ಟೀರಿಂಗ್) ಮತ್ತು ರಡರ್ ಪೆಡಲ್‌ಗೆ ಹಾಕಿ. ನಮ್ಮ ಫ್ಲ್ಯಾಟುಗಳ ನುಣುಪು ಟೈಲ್ಸ್ ಮೇಲೆ ಪೆಡಲ್ ಮುಂದಕ್ಕೆ ಜಾರುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಪೆಡಲನ್ನು ಕುರ್ಚಿಯ ಕಾಲಿಗೆ ಪಟ್ಟಿಯಿಂದ ಕಟ್ಟಿದರೆ ನಿಲ್ಲುತ್ತದೆ. ಅಗ್ಗದ ಯೋಕ್‌ಗಳ ಒಳಗಿರುವುದು ಹಿಡಿಯ ಸ್ಥಾನ ಅಳೆಯುವ ಪೊಟೆನ್ಷಿಯೊಮೀಟರ್. ಧೂಳು, ತೇವ ಸೇರಿ ವರ್ಷದೊಳಗೆ ಅದು ನಡುಗತೊಡಗುತ್ತದೆ, ಕೈ ಆಡಿಸದಿದ್ದರೂ ವಿಮಾನದ ಮೂತಿ ಸಣ್ಣಗೆ ಕುಣಿಯುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಯೋಕ್ ಬಿಚ್ಚಿ ಒಮ್ಮೆ ಹೊಡೆದು, ಹಿಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ಆಡಿಸಿ, ಮತ್ತೆ ಕ್ಯಾಲಿಬ್ರೇಟ್ ಮಾಡಿ. ಡೆಡ್ ಝೋನ್ (ಹಿಡಿ ಆಡಿದರೂ ಲೆಕ್ಕಕ್ಕೆ ಬಾರದ ಮಧ್ಯದ ಜಾಗ) ಶೇ 2ರಿಂದ 3ಕ್ಕಿಂತ ಹೆಚ್ಚು ಬೇಡ. ಹಾರಾಟದ ಮಧ್ಯೆ ಯೋಕ್ ಇದ್ದಕ್ಕಿದ್ದಂತೆ ಸತ್ತುಹೋದರೆ ದೋಷ ಬಹುತೇಕ ವಿಂಡೋಸ್‌ನದು. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ವಿಮಾನ ಸೆಸ್ನಾ 172, ಅದೂ ಗಡಿಯಾರದಂಥ ಆರು ದುಂಡು ಮಾಪಕಗಳಿರುವ ಹಳೆಯ ಪ್ಯಾನಲ್. ಗಾಜಿನ ಪರದೆಯ ಪ್ಯಾನಲ್ ಗಾಳಿಯ ದಿಕ್ಕು, ನೆಲದ ವೇಗ ಎಲ್ಲವನ್ನೂ ತಾನೇ ಲೆಕ್ಕ ಹಾಕಿ ಬರೆದುಕೊಡುತ್ತದೆ. ಉತ್ತರ ಕಾಣುತ್ತಿರುವಾಗ ಲೆಕ್ಕ ಯಾರು ಮಾಡುತ್ತಾರೆ? ಆಟೋಪೈಲಟ್ ಆಫ್, ಆಟೋ ರಡರ್ ಆಫ್. ಜೈರೋ ಡ್ರಿಫ್ಟ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ನಿಜವಾದ ವಿಮಾನದಲ್ಲಿ ಹೆಡಿಂಗ್ ಇಂಡಿಕೇಟರ್ (ಮೂತಿಯ ದಿಕ್ಕು ತೋರಿಸುವ ಗಡಿಯಾರ) ಸರಿಯುತ್ತಲೇ ಇರುತ್ತದೆ, 15 ನಿಮಿಷಕ್ಕೊಮ್ಮೆ ಕಂಪಾಸ್ ನೋಡಿ ಸರಿಹೊಂದಿಸಬೇಕು. ಡ್ರಿಫ್ಟ್ ಇಲ್ಲದೆ ಕಲಿತ ಕಣ್ಣು ಕಂಪಾಸ್ ಕಡೆ ಹೋಗುವುದೇ ಇಲ್ಲ. ಆರೂ ಗಡಿಯಾರ, ಅವುಗಳ ಜತೆ ಆರ್‌ಪಿಎಂ ಮತ್ತು ರೇಡಿಯೊ ಕಾಣುವ ಹಾಗೆ ಒಂದು ನೋಟ ಉಳಿಸಿಕೊಂಡು, ಅದನ್ನು ಬದಲಿಸಲೇಬೇಡಿ.

ಮೊದಲ ವಾರ ಎಲ್ಲಿಗೂ ಹೋಗಬೇಕಿಲ್ಲ. 3,000 ಅಡಿಯಲ್ಲಿ ನೇರ ಹಾರುತ್ತ ಒಂದು ಪಟ್ಟಿ ತಯಾರಿಸಿ: ಯಾವ ಆರ್‌ಪಿಎಂಗೆ, ಮೂತಿ ಎಷ್ಟು ಎತ್ತಿದಾಗ, ಯಾವ ವೇಗ. ನನ್ನ ಸಿಮ್ಯುಲೇಟರಿನ 172ರಲ್ಲಿ 90 ನಾಟ್ ಸಮತಲ ಹಾರಾಟಕ್ಕೆ ಸುಮಾರು 2,150 ಆರ್‌ಪಿಎಂ ಬೇಕು, ಅದೇ 90ರಲ್ಲಿ ನಿಮಿಷಕ್ಕೆ 500 ಅಡಿ ಇಳಿಯಲು ಸುಮಾರು 1,750. ನಿಮ್ಮದರಲ್ಲಿ ಅಂಕಿ ಬೇರೆ ಬರಬಹುದು. ಪಟ್ಟಿ ನಿಮ್ಮದೇ ಆಗಿರಬೇಕು ಅಷ್ಟೆ. ಇದಿಲ್ಲದವರು ವರ್ಟಿಕಲ್ ಸ್ಪೀಡ್ ಮುಳ್ಳಿನ ಹಿಂದೆ ಓಡುತ್ತಾರೆ. ಆ ಮುಳ್ಳು ಕೆಲವು ಸೆಕೆಂಡು ತಡವಾಗಿ ಮಾತಾಡುವುದು, ಅದು ಹೇಳುವುದು ಆಗಲೇ ಹಳೆಯ ಸುದ್ದಿ.

ಟ್ರಿಮ್ (ಕೈ ಬಿಟ್ಟರೂ ಮೂತಿ ಅಲ್ಲೇ ನಿಲ್ಲುವಂತೆ ಮಾಡುವ ಹೊಂದಾಣಿಕೆ) ವಿಷಯದಲ್ಲಿ ಮನೆಯ ಯೋಕ್ ಮೋಸ ಮಾಡುತ್ತದೆ. ನಿಜ ವಿಮಾನದಲ್ಲಿ ಕೈಗೆ ಒತ್ತಡ ತಿಳಿಯುತ್ತದೆ, ಅದು ಹೋಗುವ ತನಕ ಚಕ್ರ ತಿರುಗಿಸುತ್ತೀರಿ. ಇಲ್ಲಿರುವುದು ಸ್ಪ್ರಿಂಗ್ ಮಾತ್ರ. ಹಾಗಾಗಿ ಕ್ರಮ ಬೇರೆ: ಯೋಕ್ ಹಿಡಿದು ಮೂತಿಯನ್ನು ಬೇಕಾದಲ್ಲಿ ನಿಲ್ಲಿಸಿ, ವೇಗ ಸ್ಥಿರವಾಗುವವರೆಗೆ ಕಾಯಿರಿ, ಆಮೇಲೆ ಒಂದೊಂದೇ ಕ್ಲಿಕ್ ಟ್ರಿಮ್ ಕೊಡುತ್ತ ಯೋಕನ್ನು ನಿಧಾನಕ್ಕೆ ಮಧ್ಯಕ್ಕೆ ಬಿಡಿ. ಕೈ ಬಿಟ್ಟು 30 ಸೆಕೆಂಡು ಎತ್ತರ ಕದಲದಿದ್ದರೆ ಟ್ರಿಮ್ ಆಯಿತು.

ಕಣ್ಣಿನ ಓಡಾಟ ಅಟಿಟ್ಯೂಡ್ ಇಂಡಿಕೇಟರಿನಿಂದ (ಮೂತಿಯ ಏರಿಳಿತ, ರೆಕ್ಕೆಯ ವಾಲು ತೋರಿಸುವ ಗಡಿಯಾರ) ಹೊರಟು ಅಲ್ಲಿಗೇ ಮರಳಬೇಕು: ಅಟಿಟ್ಯೂಡ್, ಹೆಡಿಂಗ್, ಅಟಿಟ್ಯೂಡ್, ಆಲ್ಟಿಮೀಟರ್, ಅಟಿಟ್ಯೂಡ್, ವೇಗ. ತಪ್ಪು ಹೆಚ್ಚಾಗಿ ಎರಡೇ ಬಗೆಯದು. ಒಂದೇ ಮುಳ್ಳಿಗೆ ಕಣ್ಣು ಅಂಟುವುದು, ಇಲ್ಲವೇ ಒಂದು ಮುಳ್ಳನ್ನು ಮರೆತೇಬಿಡುವುದು. ಎತ್ತರ 60 ಅಡಿ ತಪ್ಪಿದೆ ಎಂದು ಅದನ್ನೇ ದಿಟ್ಟಿಸುವಾಗ ಹೆಡಿಂಗ್ 15 ಡಿಗ್ರಿ ಹೋಗಿರುತ್ತದೆ. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಿಡುವ ಅಂತರ 100 ಅಡಿ, 10 ಡಿಗ್ರಿ, 10 ನಾಟ್. ಮನೆಯಲ್ಲಿ ಅದರ ಅರ್ಧಕ್ಕೆ ಪಟ್ಟು ಹಿಡಿಯಿರಿ, ಯಾಕೆಂದರೆ ಇಲ್ಲಿ ಮೈ ಕುಲುಕುವುದಿಲ್ಲ. ತಿರುವುಗಳೆಲ್ಲ ಸೆಕೆಂಡಿಗೆ 3 ಡಿಗ್ರಿ, ಪೂರ್ತಿ ಸುತ್ತಿಗೆ ಎರಡು ನಿಮಿಷ. ಅದಕ್ಕೆ ಬೇಕಾದ ವಾಲು ವೇಗದ ಶೇ 15ರಷ್ಟು, ಅಂದರೆ 90 ನಾಟ್‌ಗೆ 13ರಿಂದ 14 ಡಿಗ್ರಿ.

ವಿಒಆರ್ (ದಿಕ್ಕು ತಿಳಿಸುವ ನೆಲದ ರೇಡಿಯೊ ಕೇಂದ್ರ) ಕಲಿಯುವಾಗ ಫ್ರೀಕ್ವೆನ್ಸಿ ಹಾಕಿದ ಮೇಲೆ ಆ ಕೇಂದ್ರದ ಗುರುತಿನ ಮೋರ್ಸ್ ಸದ್ದು ಕೇಳುವುದನ್ನು ಬಿಡಬೇಡಿ. ಚಾರ್ಟುಗಳನ್ನು ಏರ್‌ಪೋರ್ಟ್ ಅಥಾರಿಟಿಯ ಎಐಪಿಯಿಂದಲೇ (ಅಧಿಕೃತ ವೈಮಾನಿಕ ಮಾಹಿತಿ ಸಂಪುಟ) ತೆಗೆದುಕೊಳ್ಳಿ, ಪುಕ್ಕಟೆ ಸಿಗುತ್ತವೆ. ಸಿಮ್ಯುಲೇಟರಿನ ಡೇಟಾಬೇಸ್ ಹಳೆಯದಾಗಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಆಗ ಸದ್ದೇ ಬರುವುದಿಲ್ಲ, ಗೊತ್ತಾಗುವುದು ಹಾಗೆಯೇ.

ಎಲ್ಲರೂ ಎಡವುವುದು ಹೋಲ್ಡಿನಲ್ಲಿ, ಅಂದರೆ ಫಿಕ್ಸ್ ಎಂಬ ಗೊತ್ತಾದ ಬಿಂದುವಿನ ಬಳಿ ಸುತ್ತು ಹಾಕುತ್ತ ಕಾಯುವುದರಲ್ಲಿ. ಎಡವಿಸುವುದು ಗಾಳಿ, ಅದಕ್ಕೇ ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಫಿಕ್ಸ್‌ಗೆ ಬರುವ ಟ್ರ್ಯಾಕ್ 270, ಬಲಕ್ಕೆ ತಿರುವು, ವೇಗ 90, ಗಾಳಿ 270ರಿಂದ 20. ಪುಸ್ತಕದ ಪ್ರಕಾರ ಹೊರಹೋಗುವ ಲೆಗ್ (ನೇರ ಭಾಗ) ಒಂದು ನಿಮಿಷ. ಹಾಗೇ ಹಾರಿ: ಹೋಗುವಾಗ ಗಾಳಿ ಬೆನ್ನಿಗೆ, ನೆಲದ ವೇಗ 110, ಒಂದು ನಿಮಿಷಕ್ಕೆ 1.83 ನಾಟಿಕಲ್ ಮೈಲಿ. ಅದಲ್ಲದೆ ಎರಡು ಅರ್ಧಸುತ್ತಿಗೆ ತಲಾ ಒಂದು ನಿಮಿಷ, ಪ್ರತಿ ಅರ್ಧಸುತ್ತಿನಲ್ಲೂ ಗಾಳಿ ನಿಮ್ಮನ್ನು 0.33 ಮೈಲಿ ಪೂರ್ವಕ್ಕೆ ತಳ್ಳಿರುತ್ತದೆ. ಒಟ್ಟು ಎರಡೂವರೆ ಮೈಲಿ. ವಾಪಸು ಬರುವಾಗ ನೆಲದ ವೇಗ 70 ಮಾತ್ರ, ಹಾಗಾಗಿ ಬರಲು 2 ನಿಮಿಷ 8 ಸೆಕೆಂಡು ಬೇಕು. ಒಳಬರುವ ಲೆಗ್ ಒಂದೇ ನಿಮಿಷ ಆಗಬೇಕಿದ್ದರೆ ದೂರ 1.17 ಮೈಲಿ ಇರಬೇಕು. ಅದರಲ್ಲಿ 0.67 ತಿರುವುಗಳೇ ತಿಂದಿವೆ. ಉಳಿದದ್ದು ಅರ್ಧ ಮೈಲಿ, 110 ನಾಟ್‌ನಲ್ಲಿ ಅದು 16 ಸೆಕೆಂಡು! ರೆಕ್ಕೆ ಸಮವಾದ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಹದಿನಾರಕ್ಕೆ ಮತ್ತೆ ತಿರುಗಬೇಕು. ಮೊದಲ ಸಲ ಇದು ತಪ್ಪು ಲೆಕ್ಕ ಅನ್ನಿಸುತ್ತದೆ. ಹಾರಿದ ಮೇಲೆ ಮ್ಯಾಪಿನಲ್ಲಿ ಗೆರೆ ತೆಗೆದು ನೋಡಿ. ಆ ಗೆರೆಯೇ ನಿಮ್ಮ ಮೇಷ್ಟ್ರು.

ಹೋಲ್ಡ್ ಹಿಡಿತಕ್ಕೆ ಬಂದ ಮೇಲೆ ಮುಂಬೈ–ಪುಣೆ ಒಳ್ಳೆಯ ಪಾಠ. ಸುಮಾರು 67 ನಾಟಿಕಲ್ ಮೈಲಿ. ಟ್ರ್ಯಾಕ್ ಪೂರ್ವದ ಕಡೆಗಿನದು, ಹಾಗಾಗಿ ನಿಯಮದಂತೆ ಎತ್ತರ ಬೆಸ ಸಾವಿರ, 7,000 ಅಡಿ. ಕೆಳಗೆ ಘಾಟ್ ಇದೆ, ಲೋಹಗಡವೊಂದೇ 3,389 ಅಡಿ. ಸಮುದ್ರಮಟ್ಟಕ್ಕೆ ಹತ್ತಿರದ ಮುಂಬೈ, ಗೋವಾದ ದಾಬೋಲಿಮ್‌ಗಳಲ್ಲಿ ಪಳಗಿದ ಕಣ್ಣಿಗೆ ಪುಣೆಯಲ್ಲಿ ಪೆಟ್ಟು ಬೀಳುವುದು ಆಲ್ಟಿಮೀಟರಿನಿಂದ: ಲೋಹೆಗಾಂವ್ ರನ್‌ವೇ ಮೇಲೆ ನಿಂತಾಗಲೇ ಅದು ಸುಮಾರು 1,940 ತೋರಿಸುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಟಚ್‌ಡೌನಿಗೆ 4 ಮೈಲಿ ಇರುವಾಗ ಮುಂಬೈಯಲ್ಲಿ 1,300 ಚಿಲ್ಲರೆ ಅಡಿ ಸರಿ, ಪುಣೆಯಲ್ಲಿ 3,200ರ ಮೇಲಿರಬೇಕು. ಇದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಐಎಲ್‌ಎಸ್‌ಗೆ (ರನ್‌ವೇಗೆ ಇಳಿಸುವ ರೇಡಿಯೊ ಕಿರಣಗಳ ವ್ಯವಸ್ಥೆ) ಮುಂಬೈನ ರನ್‌ವೇ 27. ಪೂರ್ವದಿಂದ, ಥಾಣೆ ಖಾಡಿ ದಾಟಿ, ಘಾಟ್ಕೋಪರ್ ಕಡೆಯಿಂದ ಇಳಿಯುವುದು. ರನ್‌ವೇಯ ನೇರ ತೋರಿಸುವ ಲೋಕಲೈಜರ್ ಕಿರಣ ಬೀಸಣಿಗೆಯ ಹಾಗೆ. ರನ್‌ವೇ ಅಂಚಿನಲ್ಲಿ ಮಧ್ಯದಿಂದ 350 ಅಡಿ ಪಕ್ಕಕ್ಕೆ ಹೋದರೇ ಮುಳ್ಳು ಪೂರ್ತಿ ಗೋಡೆಗೆ ತಾಗುತ್ತದೆ. ಹತ್ತು ಮೈಲಿ ದೂರದಲ್ಲಿ 10 ಡಿಗ್ರಿ ತಿದ್ದಿದ್ದು ನಡೆಯಿತೆಂದು ಎರಡು ಮೈಲಿಯಲ್ಲೂ ಹಾಗೇ ಮಾಡಿದರೆ ಹಾವಿನ ನಡೆ. ಮೊದಲು 5 ಡಿಗ್ರಿ, ಕೊನೆಯಲ್ಲಿ 2. ತಿದ್ದಬೇಕಾದ್ದು ಹೆಡಿಂಗನ್ನು, ಮುಳ್ಳನ್ನಲ್ಲ. ನಿಮಿಷಕ್ಕೆ ಇಳಿಯುವ ಅಡಿ ನೆಲದ ವೇಗದ ಸುಮಾರು ಐದು ಪಟ್ಟು. ಗಾಳಿ ಇಲ್ಲದಾಗ 90 ನಾಟ್‌ಗೆ 450ರಿಂದ 480 ಅಡಿ. ಆದರೆ ಮಳೆಗಾಲದ ಪಡುವಣ ಗಾಳಿ 20 ನಾಟ್ ಎದುರಿಗಿದ್ದರೆ ನೆಲದ ವೇಗ 70, ದರ 350ರಿಂದ 370. ರೂಢಿಯ 480 ಇಟ್ಟವರು ಗ್ಲೈಡ್‌ಸ್ಲೋಪಿನ (ಇಳಿಜಾರು ತೋರಿಸುವ ಕಿರಣದ) ಕೆಳಗೆ ಹೋಗುತ್ತಾರೆ.

ಕ್ಯೂಎನ್‌ಎಚ್ (ಆಲ್ಟಿಮೀಟರಿಗೆ ಕೊಡಬೇಕಾದ, ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯೊತ್ತಡ) ಹಾಕುವ ಕೀಲಿಯೊಂದು ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿದೆ, ಬಿ. ಒತ್ತಿದರೆ ತಾನೇ ಸರಿಹೋಗುತ್ತದೆ. ಅದನ್ನು ಸೆಟ್ಟಿಂಗ್ಸ್‌ನಿಂದ ಕಿತ್ತುಹಾಕಿ. ಮಳೆಗಾಲದಲ್ಲಿ ಕ್ಯೂಎನ್‌ಎಚ್ 1002 ಇರುವಾಗ ನೀವು 1013ರಲ್ಲೇ ಬಿಟ್ಟಿದ್ದರೆ 11 ಹೆಕ್ಟೊಪಾಸ್ಕಲ್ ವ್ಯತ್ಯಾಸ, ಒಂದಕ್ಕೆ ಸುಮಾರು 28 ಅಡಿ. ಆಲ್ಟಿಮೀಟರ್ 300 ಅಡಿ ಹೆಚ್ಚು ತೋರಿಸುತ್ತಿದೆ. 200 ಅಡಿ ಡಿಸಿಶನ್ ಹೈಟ್ (ರನ್‌ವೇ ಕಾಣದಿದ್ದರೆ ಮತ್ತೆ ಏರಬೇಕಾದ ಎತ್ತರ) ಬರುವುದರೊಳಗೆ ನೀವು ಯಾರದೋ ಟೆರೇಸ್ ಮೇಲಿರುತ್ತೀರಿ. ಕೈಯಾರೆ ತಿರುಗಿಸಿ, ಬಾಯಿಬಿಟ್ಟು ಅಂಕಿ ಹೇಳಿ. ಮನೆಯವರು ನಕ್ಕರೆ ನಗಲಿ.

ಇಷ್ಟಾದ ಮೇಲೆ ಸಿಮ್ಯುಲೇಟರಿನಲ್ಲಿ ವ್ಯಾಕ್ಯೂಮ್ ಪಂಪ್ (ಅಟಿಟ್ಯೂಡ್, ಹೆಡಿಂಗ್ ಗಡಿಯಾರಗಳ ಜೈರೋ ತಿರುಗಿಸುವುದು) ಕೆಡಿಸಿ, 30 ನಿಮಿಷದೊಳಗೆ ಯಾವಾಗಲಾದರೂ ಕೆಡುವ ಹಾಗೆ. ಸಕ್ಷನ್ ಗೇಜ್ ಬಿದ್ದು, ಅಟಿಟ್ಯೂಡ್ ಇಂಡಿಕೇಟರ್ ಮೆಲ್ಲಗೆ ವಾಲತೊಡಗುತ್ತದೆ. ಮೆಲ್ಲಗೆ ಆಗುವುದೇ ಅಪಾಯ, ಕಣ್ಣು ಅದನ್ನು ನಂಬಿ ವಿಮಾನವನ್ನೇ ವಾಲಿಸುತ್ತದೆ. ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ನಡೆಯುವುದು ವಿದ್ಯುತ್ತಿನಿಂದ, ಅದು ಬೇರೆ ಮಾತು ಹೇಳುತ್ತಿದ್ದರೆ ಅದನ್ನೇ ನಂಬಿ. ಸತ್ತ ಎರಡು ಗಡಿಯಾರಗಳ ಮೇಲೆ ಮಾನಿಟರಿಗೇ ಚೀಟಿ ಅಂಟಿಸಿ ಮುಂದುವರಿಸಿ.

ಈ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಯುವಂತಿಲ್ಲ, ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ಒಪ್ಪಿದ ಉಪಕರಣದ ಗಂಟೆ ಮಾತ್ರ ಲೆಕ್ಕಕ್ಕೆ. ಕಿವಿಯೊಳಗಿನ ಸುಳ್ಳನ್ನೂ, ಅಂದರೆ ಸಮವಾಗಿ ಹಾರುತ್ತಿದ್ದರೂ ವಾಲಿದ್ದೇವೆ ಅನ್ನಿಸುವುದನ್ನು, ಕುರ್ಚಿ ಕಲಿಸುವುದಿಲ್ಲ. ಕಣ್ಣು ಮತ್ತು ಗಡಿಯಾರದ ಶಿಸ್ತು ಇಲ್ಲಿ ಚೆನ್ನಾಗಿ ಕೂರುತ್ತದೆ. ಅದನ್ನು ಕೆಡಿಸುವುದು ಹಾರಾಟವನ್ನು ಅಲ್ಲೇ ತಡೆದು ನಿಲ್ಲಿಸುವ ಪಾಝ್ ಬಟನ್. ಅದನ್ನು ಒತ್ತಿದ ಅಪ್ರೋಚ್ ಲೆಕ್ಕಕ್ಕಿಲ್ಲ ಎಂದು ನಿಯಮ ಹಾಕಿಕೊಳ್ಳಿ.

ಇನ್ನೊಂದು ಕೆಡುಕು, ಪ್ರತಿ ಸಲ ರನ್‌ವೇ ಕಾಣುತ್ತದೆಂದು ಗೊತ್ತಿರುವುದು. ಮನೆಯಲ್ಲಿ ಯಾರಿಗಾದರೂ ಮೋಡದ ಸ್ಲೈಡರ್ ತೋರಿಸಿಕೊಡಿ. ನೀವು ಅತ್ತ ತಿರುಗಿದಾಗ 100 ಅಡಿಗೋ 400 ಅಡಿಗೋ ಇಟ್ಟು, ಹೇಳದೆ ಎದ್ದುಹೋಗಲಿ. ಡಿಸಿಶನ್ ಹೈಟಿನಲ್ಲಿ ದೀಪ ಕಾಣದಿದ್ದರೆ ಪೂರ್ತಿ ಪವರ್, ಮೂತಿ ಮೇಲೆ, ಏರುತ್ತಿದ್ದೇವೆಂದು ಆಲ್ಟಿಮೀಟರ್ ಹೇಳಿದ ಮೇಲೆ ಒಂದು ಹಂತ ಫ್ಲ್ಯಾಪ್ ಒಳಕ್ಕೆ, ಆಮೇಲೆ ಚಾರ್ಟಿನ ಮಿಸ್ಡ್ ಅಪ್ರೋಚ್ (ಇಳಿಯದೆ ಮತ್ತೆ ಏರಿ ಹೋಗುವ ದಾರಿ). ರೇಡಿಯೊ ಎಲ್ಲಕ್ಕಿಂತ ಕೊನೆಗೆ.