ಗ್ಲೇಜ್ ಇಲ್ಲದೆ ಮೋಚೆ ಮುಖದ ಹೂಜಿ: ನನ್ನ ಅನುಭವ

ಗ್ಲೇಜ್, ಅಂದರೆ ಮಡಕೆಗೆ ಹಾಕುವ ಗಾಜಿನಂಥ ಲೇಪ, ಇಲ್ಲದೆ ಬಣ್ಣ ನಿಲ್ಲಲ್ಲ ಅಂದವರಿಗೆಲ್ಲ ಈಗ ಫೋಟೋ ಕಳಿಸಿಯಾಯಿತು. ಪೆರುವಿನ ಉತ್ತರ ಕರಾವಳಿಯ ಮೋಚೆ ಜನ ಸುಮಾರು ಕ್ರಿ.ಶ. 100ರಿಂದ 800ರವರೆಗೆ ಮಾಡುತ್ತಿದ್ದರಲ್ಲ, ಮನುಷ್ಯನ ತಲೆ, ಅದರ ಮೇಲೆ ಬಾಗಿದ ಕೊಳವೆ, ಕೊಳವೆಯ ನೆತ್ತಿಗೆ ಒಂದೇ ಬಾಯಿ, ಆ ಹೂಜಿಯನ್ನು ಕೆಂಪು, ಕೆನೆ ಎರಡೇ ಮಣ್ಣಿನ ಬಣ್ಣದಲ್ಲಿ ಮಾಡಿದೆ. ಅವರಿಗೆ ಗ್ಲೇಜೂ ಇರಲಿಲ್ಲ, ಚಕ್ರವೂ ಇರಲಿಲ್ಲ.

ಅಚ್ಚಿನ ವಿಷಯ ಬಿಡಿ. ಅವರದು ಸುಟ್ಟ ಮಣ್ಣಿನ ಎರಡು ಹೋಳಿನ ಅಚ್ಚು, ನನ್ನದು ಪ್ಲಾಸ್ಟರ್. ಕಾಡಿದ್ದು ಬಿಳಿ. ಬರೀ ಚೀನಾ ಮಣ್ಣು ಬಳಿದರೆ ಅದು ಕೆಳಗಿನ ಮಣ್ಣಿನಷ್ಟು ಕುಗ್ಗುವುದಿಲ್ಲ. ಸುಟ್ಟು ತೆಗೆದಾಗ ಕೆನ್ನೆಯಿಂದ ಹಪ್ಪಳದ ಹಾಗೆ ಎದ್ದು ಬರುತ್ತದೆ. ಈ ಗೋಳಲ್ಲೇ ಮಣ್ಣು, ಸೌದೆ, ಪ್ಲಾಸ್ಟರ್ ಸೇರಿ 15 ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ 8 ಅಂತ ಹೇಳಿದ್ದೇನೆ. ಕೊನೆಗೆ ಹೂಜಿಯ ಮಣ್ಣನ್ನೇ ಸೋಸಿ, ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಬಿಳಿಗೆ ಬೆರೆಸಿದೆ. ಅಂಟಿಕೊಂಡಿತು! ಸುಣ್ಣದ ಬಿಳುಪು ಹೋಗಿ ಆ ಹಳೇ ಕೆನೆ ಬಣ್ಣವೂ ತಾನಾಗೇ ಬಂತು. ಇನ್ನೊಂದು ಸಾಮಾನೂ ಹಾಕುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಕೊಳವೆಯನ್ನು ಕೋಲಿಗೆ ಸುತ್ತಿ ಮಾಡಿ ಕೂರಿಸಿದರೆ ತಲೆಗಿಂತ ಬೇಗ ಒಣಗಿ ಬುಡದಲ್ಲೇ ಸೀಳುತ್ತದೆ. ಕೊಳವೆಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ, ತಲೆಯನ್ನು ಸುಮ್ನೆ ತೆರೆದಿಡಿ.

ಮುಖ ಯಾರದು ಗೊತ್ತಾ? ಮೇಲ್ತುಟಿಯಲ್ಲಿ ಗಾಯದ ಗುರುತಿರುವವನದು. ಹುಡುಗನಾಗಿದ್ದಾಗಿನಿಂದ ದೊಡ್ಡವನಾಗುವವರೆಗೆ ಬೇರೆ ಬೇರೆ ಹೂಜಿಗಳಲ್ಲಿ ಇವನೇ ಇದ್ದಾನೆ ಎಂದು ಪುರಾತತ್ವಜ್ಞ ಕ್ರಿಸ್ಟೋಫರ್ ಡೊನಾನ್ ಗುರುತಿಸಿದ್ದಾರೆ. ಎರಡು ಕೋಟ್ ಸ್ಲಿಪ್ (ಬಣ್ಣವಾಗಿ ಬಳಿಯುವ ತೆಳು ಮಣ್ಣು) ಬಿದ್ದರೆ ಆ ಗೀರು ತುಂಬಿ ಮಾಯವಾಗುತ್ತದೆ, ಗುರುತು ಹೋದರೆ ಅವನೂ ಹೋದ ಅಲ್ವಾ? ಅರೆ ಒಣಗಿದಾಗ ದಬ್ಬಣದ ತುದಿಯಿಂದ ಮತ್ತೆ ಬಿಡಿಸಬೇಕು. ಕೆನ್ನೆ ಉಜ್ಜಲು ಹೊಳೆಕಲ್ಲು, ತುಟಿಯ ಸಂದಿಗೆ ಹುಣಸೆ ಬೀಜ. ಸುಟ್ಟಿದ್ದು 750 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಜಾಸ್ತಿ ಏರಿಸಿದ್ದೆಲ್ಲ ಹೊಳಪು ಕಳೆದುಕೊಂಡು ಮಂಕಾಯಿತು.

ಕೆಲವು ಹೂಜಿಗಳಿಗೆ ಮೋಚೆ ಜನ ಸುಟ್ಟ ಮೇಲೆ ಸಸ್ಯದ ರಸ ಬಳಿದು, ಕಾಯಿಸಿ ಕಪ್ಪು ಮಾಡುತ್ತಿದ್ದರು. ನಾನು ಬೆಲ್ಲದ ನೀರು ಬಳಿದು ಸ್ಟೌ ಮೇಲೆ ಹಿಡಿದೆ. ಗೆರೆ ಚೆನ್ನಾಗೇ ಬಂತು, ಒದ್ದೆ ಕೈ ತಾಗಿದ್ದೇ ಅರ್ಧ ಹೋಯಿತು. ಈಗ ಅಳಲೆಕಾಯಿ ಕಷಾಯ ನಡೆಯುತ್ತಿದೆ. ಬೆಲ್ಲಕ್ಕಿಂತ ವಾಸಿ.